ಹತ್ತಿಯ ಹೂವೂ ಶಾಲೆಯ ಹಾಜರಿಯೂ



ಸಂಶೋಧನೆಯೆಂದರೆ ದೂರದ ಪ್ರಯೋಗಶಾಲೆಯ ಸಂಗತಿಯೆಂದು ಭಾವಿಸುವವರು ರೋಣ, ನರಗುಂದ, ಗಜೇಂದ್ರಗಡಗಳ ಎರೆಹೊಲಗಳನ್ನು ನೋಡಬೇಕು. ಮಳೆಯನ್ನೇ ನಂಬಿದ ಜಯಧರ ಹತ್ತಿಯ ಬೀಜವನ್ನು ರೈತನು ಮನೆಯಲ್ಲಿಯೇ ಕಾಯ್ದಿಡಬಹುದಾಗಿತ್ತು. 1972ರಲ್ಲಿ ಧಾರವಾಡದ ಸಂಶೋಧಕರಿಂದ ‘ವರಲಕ್ಷ್ಮಿ’ ಸಂಕರ ತಳಿಯೂ 1981ರಲ್ಲಿ ಡಿ.ಸಿ.ಎಚ್.-32 ತಳಿಯೂ ಬಂದವು. ಎಳೆ ನೀಳವಾಯಿತು, ಇಳುವರಿ ಹೆಚ್ಚಿತು. ಇದು ಸಣ್ಣ ಉಪಕಾರವಲ್ಲ.

ಆದರೆ ಸಂಕರ ಬೀಜವನ್ನು ಉಳಿಸಿ ಬಿತ್ತಿದರೆ ಗುಣ ನಿಲ್ಲದು, ಪ್ರತಿವರ್ಷವೂ ಕೊಳ್ಳಬೇಕು. ಆ ಬೀಜವನ್ನು ಸಿದ್ಧಪಡಿಸುವ ಹೊಲಗಳಲ್ಲಿ ಸಂಜೆ ಮೊಗ್ಗಿನ ಕೇಸರ ಕಿತ್ತು, ಮರುದಿನ ಬೆಳಗ್ಗೆ ಬೇರೆ ಹೂವಿನ ಪರಾಗವನ್ನು ಕೈಯಿಂದಲೇ ಮುಟ್ಟಿಸಬೇಕು. ಈ ನವಿರಾದ ಕೆಲಸಕ್ಕಾಗಿ ಕರ್ನಾಟಕದಲ್ಲಿಯೂ ಆಂಧ್ರದಲ್ಲಿಯೂ ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದ್ದುಂಟು. ಹತ್ತಿಯ ಹಂಗಾಮಿನಲ್ಲಿ ನಿಮ್ಮೂರ ಶಾಲೆಯ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಿರೆಂದು ಬೇಡುತ್ತೇನೆ.