ಕಪ್ಪೆಯ ತೂಕ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದ ಹಾಗೆ ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ಒಂದನ್ನು ಹಿಡಿದು ಹಾಕುವಷ್ಟರಲ್ಲಿ ಇನ್ನೊಂದು ಹಾರಿಹೋಗಿರುತ್ತದೆ. ಹೊರನಾಡಿನಲ್ಲಿ ಕನ್ನಡ ಸಂಘ ನಡೆಸುತ್ತಿರುವ ತಮಗೆ ಅದರ ಅರ್ಥವನ್ನು ನಾನು ವಿವರಿಸಬೇಕಾದುದಿಲ್ಲ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನನ್ನಂಥ ಗುಮಾಸ್ತನನ್ನು ವೇದಿಕೆಗೆ ಹತ್ತಿಸಿ, "ಅಮೆರಿಕ ನೋಡಿ ಬಂದಿದ್ದೀರಿ, ನಾಲ್ಕು ಮಾತು ಹೇಳಿ" ಎಂದು ಕಾರ್ಯದರ್ಶಿಗಳು ಆಜ್ಞೆ ಮಾಡಿದ್ದಾರೆ. ಅಲ್ಲಿಯ ದೊಡ್ಡ ಸೇತುವೆ, ದೊಡ್ಡ ಜಲಪಾತಗಳ ವಿಷಯ ತಮಗೆ ಗೊತ್ತಿದ್ದದ್ದೇ. ಆದ್ದರಿಂದ ಒಂದು ಸಣ್ಣ ಊರಿನ ಕಪ್ಪೆ ಜಾತ್ರೆಗೆ ನಾವು ನಾಲ್ವರು ಸಣ್ಣ ವಿಮಾನವೊಂದರಲ್ಲಿ ಹೋಗಿಬಂದ ಸಂಗತಿಯನ್ನು ಮಾತ್ರ ಅರಿಕೆ ಮಾಡುತ್ತೇನೆ.

ಊರಿನ ಹೆಸರು ಏಂಜಲ್ಸ್ ಕ್ಯಾಂಪ್. ಕ್ಯಾಲಿಫೋರ್ನಿಯಾದಲ್ಲಿ ಸಿಯೆರಾ ನೆವಾಡಾ ಬೆಟ್ಟಗಳ ತಪ್ಪಲಿನ ಕ್ಯಾಲವೆರಸ್ ಕೌಂಟಿಯಲ್ಲಿದೆ. ಕೌಂಟಿಯೆಂದರೆ ನಮ್ಮ ಜಿಲ್ಲೆಯೆಂದೇ ಇಟ್ಟುಕೊಳ್ಳಿ. ಹಿಂದೆ ಚಿನ್ನ ಹುಡುಕುತ್ತ ಬಂದವರು ಕಟ್ಟಿದ ಊರು. ಈಗ ಅಲ್ಲಿ ನಾಲ್ಕು ಸಾವಿರ ಜನರೂ ಇಲ್ಲ. ಈ ಸೀಮೆಯಲ್ಲಿ ಕೇಳಿದ ಒಂದು ಕಥೆಯನ್ನು ಮಾರ್ಕ್ ಟ್ವೇನ್ 1865ರಲ್ಲಿ ಬರೆದು ಪ್ರಕಟಿಸಿ ದೇಶಕ್ಕೆಲ್ಲ ಹೆಸರಾದ. ಜೂಜಿನ ಹುಚ್ಚಿನವನೊಬ್ಬ ತನ್ನ ಕಪ್ಪೆಗೆ ನೆಗೆತ ಕಲಿಸಿ ಪಂದ್ಯ ಕಟ್ಟುತ್ತಾನೆ. ಅವನು ಅತ್ತ ಹೋದಾಗ ಎದುರಾಳಿಯು ಆ ಕಪ್ಪೆಯ ಹೊಟ್ಟೆಗೆ ಬಂದೂಕಿನ ಚರೆಗಳನ್ನು ತುಂಬಿಬಿಡುತ್ತಾನೆ. ಪಾಪ, ಕಪ್ಪೆ ಏಳಲು ಎಷ್ಟು ಹೆಣಗಿದರೂ ನೆಲ ಬಿಡುವುದಿಲ್ಲ.

1928ರಲ್ಲಿ ಊರಿನ ಮುಖ್ಯ ಬೀದಿಗೆ ಗಟ್ಟಿ ರಸ್ತೆ ಬಂತು. ಆ ಸಂತೋಷಕ್ಕೆ ಊರವರು ಕಥೆಯನ್ನೇ ನಿಜಮಾಡಿ ಕಪ್ಪೆಗಳ ಪಂದ್ಯ ಇಟ್ಟರು. ಈಗಲೂ ಮೇ ತಿಂಗಳ ಮೂರನೆಯ ವಾರದ ಸುಮಾರಿಗೆ ಜಾತ್ರೆ ನಡೆಯುತ್ತದೆ. ರಸ್ತೆಯಾಯಿತೆಂದು ಹಬ್ಬ ಮಾಡುವ ಪದ್ಧತಿ ನಮ್ಮೂರಿನಲ್ಲಿದ್ದಿದ್ದರೆ ನನ್ನ ಬಾಲ್ಯವೆಲ್ಲ ಹಬ್ಬವಿಲ್ಲದೆ ಕಳೆಯುತ್ತಿತ್ತು!

2023ರ ಮೇ ತಿಂಗಳಲ್ಲಿ ನಾನು ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬದಿಯ ಊರಿನಲ್ಲಿರುವ ನಮ್ಮ ದೊಡ್ಡಪ್ಪನ ಮಗನ ಮನೆಯಲ್ಲಿದ್ದೆ. ಅಣ್ಣನಿಗೆ ವಿಮಾನ ನಡೆಸುವ ಖಾಸಗಿ ಲೈಸೆನ್ಸು ಇದೆ. ಸ್ವಂತ ವಿಮಾನವಿಲ್ಲ, ಕ್ಲಬ್ಬಿನಿಂದ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತರುತ್ತಾನೆ. ಸೆಸ್ನಾ 172 ಎಂಬ ನಾಲ್ಕು ಕುರ್ಚಿಯ, ಒಂದೇ ಎಂಜಿನ್ನಿನ ವಿಮಾನ. ಈ ಮಾದರಿ ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ನಮ್ಮ ನಾಡು ಒಂದಾದ ವರ್ಷವೇ. ಈವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಇಷ್ಟು ಸಂಖ್ಯೆಯಲ್ಲಿ ತಯಾರಾದ ವಿಮಾನ ಬೇರೊಂದಿಲ್ಲ.

ಹೊರಡುವ ಹಿಂದಿನ ರಾತ್ರಿ ಅಣ್ಣ ತೂಕದ ಯಂತ್ರವನ್ನು ನಡುಮನೆಗೆ ತಂದಿಟ್ಟ. ನಾನು, ಅವನ ಇಬ್ಬರು ಸ್ನೇಹಿತರು ಒಬ್ಬೊಬ್ಬರಾಗಿ ಹತ್ತಿ ಇಳಿದೆವು. ಬಳಿಕ ಅತ್ತಿಗೆ ಕಟ್ಟಿಕೊಟ್ಟ ಪುಳಿಯೋಗರೆ, ಚಕ್ಕುಲಿಯ ಡಬ್ಬಿಗಳೂ ಹತ್ತಿದವು. ನಾನು ನಕ್ಕೆ. ಅಣ್ಣ ನಗಲಿಲ್ಲ, ಕಾಗದ ತೆಗೆದು ಲೆಕ್ಕ ತೋರಿಸಿದ. ಬಿ.ಕಾಂ. ಓದಿದವನಿಗೆ ಅದು ತಕ್ಷಣ ಹಿಡಿಸಿತೆನ್ನಬೇಕು.

ಬರಿಯ ವಿಮಾನದ ತೂಕವನ್ನು ಬಿಟ್ಟು ಅದು ಹೊರಬಲ್ಲದ್ದು ಸುಮಾರು 400 ಕಿಲೋ. ಪೆಟ್ರೋಲೂ ಜನವೂ ಗಂಟುಮೂಟೆಯೂ ಎಲ್ಲ ಇದರೊಳಗೇ ಆಗಬೇಕು. ಟ್ಯಾಂಕು ತುಂಬ 200 ಲೀಟರು ಹಾಕಿಸಿದರೆ ಪೆಟ್ರೋಲೇ 144 ಕಿಲೋ ತಿಂದುಬಿಡುತ್ತದೆ. ಉಳಿದದ್ದು 256. ತಲೆಗೆ 75 ಕಿಲೋ ಹಿಡಿದರೂ ನಾಲ್ವರಿಗೆ 300 ಬೇಕು. ಅಂದರೆ ಕುರ್ಚಿ ನಾಲ್ಕಿವೆ, ನಾಲ್ವರನ್ನು ಹೊರುವ ಶಕ್ತಿ ಉಳಿದಿಲ್ಲ. ಪೆಟ್ರೋಲನ್ನು ಅರ್ಧಕ್ಕೆ ಇಳಿಸಿದರೆ ಲೆಕ್ಕ ಕೂಡುತ್ತದೆ. ಆಕಾಶದಲ್ಲಿ ಹೋದರೆ ಅಲ್ಲಿಗೆ ಸುಮಾರು 150 ಕಿಲೋಮೀಟರು, ಮುಕ್ಕಾಲು ಗಂಟೆಯ ದಾರಿ. ಗಂಟೆಗೆ 35 ಲೀಟರಿನಂತೆ ಹೋಗಿಬರಲು ಅರ್ಧ ಟ್ಯಾಂಕು ಸಾಕು. ಹಗಲು ಹಾರಾಟಕ್ಕೆ ಕಡೆಯ ಪಕ್ಷ ಅರ್ಧ ಗಂಟೆಯ ಪೆಟ್ರೋಲು ಮಿಗಬೇಕೆಂದು ಅಲ್ಲಿಯ ಕಾನೂನು. ಅಣ್ಣ ಒಂದು ಗಂಟೆಯದನ್ನು ಇಡುತ್ತಾನೆ. ತೂಕ ಎಷ್ಟೆಂಬುದು ಮಾತ್ರವಲ್ಲ, ಎಲ್ಲಿ ಕೂತಿದೆಯೆಂಬುದೂ ಮುಖ್ಯವಂತೆ. ಹಿಂದೆ ಭಾರ ಹೆಚ್ಚಾದರೆ ವಿಮಾನ ಮೂಗೆತ್ತಿಬಿಡುತ್ತದೆ. ಸ್ನೇಹಿತರಲ್ಲಿ ಸ್ಥೂಲಕಾಯರಾಗಿದ್ದವರಿಗೆ ಮುಂದಿನ ಕುರ್ಚಿ ಸಿಕ್ಕಿತು.

ಇನ್ನೊಂದು ಕಾನೂನೂ ನನಗೆ ಬಹಳ ಮೆಚ್ಚಿಗೆಯಾಯಿತು. ಖಾಸಗಿ ಲೈಸೆನ್ಸಿನವನು ಜನರನ್ನು ಕೂಡಿಸಿಕೊಂಡು ಹಣ ಗಳಿಸುವಂತಿಲ್ಲ. ಪೆಟ್ರೋಲು, ಎಣ್ಣೆ, ಬಾಡಿಗೆ, ವಿಮಾನ ನಿಲ್ದಾಣದ ಖರ್ಚು ಇಷ್ಟನ್ನು ಹಂಚಿಕೊಳ್ಳಬಹುದು. ಆದರೆ ನಾಲ್ವರಿದ್ದರೆ ನಾಲ್ಕನೆಯ ಒಂದು ಪಾಲಿಗೆ ಕಡಿಮೆಯಿಲ್ಲದಂತೆ ಪೈಲಟ್ಟೂ ಕೊಡಲೇಬೇಕು.

ಬೆಳಗಿನ ತಂಪಿನಲ್ಲಿ ಹೊರಟೆವು. ಕೆಳಗೆ ಹೊಲಗಳ ಚೌಕಗಳು, ಆಮೇಲೆ ಒಣಹುಲ್ಲಿನ ಗುಡ್ಡಗಳು. ಕ್ಯಾಲವೆರಸ್‌ನ ವಿಮಾನ ನಿಲ್ದಾಣದಲ್ಲಿ ಇಳಿಯಿರಿ ಎನ್ನುವವರೂ ಇಲ್ಲ, ಬೇಡ ಎನ್ನುವವರೂ ಇಲ್ಲ. ಬರುವವರು ತಾವೇ ರೇಡಿಯೋದಲ್ಲಿ ಸಾರಿಕೊಂಡು ಇಳಿಯಬೇಕು. ಅಲ್ಲಿಂದ ಬಾಡಿಗೆಯ ಕಾರಿನಲ್ಲಿ ಜಾತ್ರೆ ಸೇರಿದೆವು.

ಜಾತ್ರೆಯ ಬಯಲಿಗೆ ಫ್ರಾಗ್‌ಟೌನ್, ಅಂದರೆ ಕಪ್ಪೆಪಟ್ಟಣವೆಂದೇ ಹೆಸರು. ಪಂದ್ಯದ ನಿಯಮ ಸರಳ. ಕಪ್ಪೆಯನ್ನು ಗುರುತಿನ ಮೇಲೆ ಬಿಡಬೇಕು. ಬಿಟ್ಟ ಮೇಲೆ ಮುಟ್ಟಕೂಡದು. ಹಿಂದಿನಿಂದ ಕೂಗಬಹುದು, ಊದಬಹುದು, ನೆಲ ಗುದ್ದಬಹುದು. ಮೂರು ನೆಗೆತವಾದ ಮೇಲೆ ಕಪ್ಪೆ ಎಲ್ಲಿದೆಯೋ ಅಲ್ಲಿಗೆ ನೇರವಾಗಿ ಅಳೆಯುತ್ತಾರೆ. 1986ರಲ್ಲಿ ರೋಸಿ ಎಂಬ ಕಪ್ಪೆ 21 ಅಡಿ ಐದೂಮುಕ್ಕಾಲು ಅಂಗುಲ ಹೋಯಿತು. ನಾವು ಹೋದ ವರ್ಷವೂ ಅದನ್ನು ಮೀರಿಸಿದ ಕಪ್ಪೆಯಿರಲಿಲ್ಲ. ಗೆದ್ದ ಕಪ್ಪೆಗಳ ಹೆಸರಿನ ಕಂಚಿನ ಫಲಕಗಳನ್ನು ಊರಿನ ಕಾಲುದಾರಿಯಲ್ಲಿ ಹಾಸಿದ್ದಾರೆ.

ಇದನ್ನು ಹುಡುಗಾಟವೆಂದು ತಾವು ತಳ್ಳಿಬಿಡಬಾರದು. 2009ರಲ್ಲಿ ವಿಜ್ಞಾನಿಗಳು ಇಲ್ಲಿ ಮೂರು ಸಾವಿರಕ್ಕೂ ಹೆಚ್ಚು ನೆಗೆತಗಳ ಚಿತ್ರ ತೆಗೆದರು. ಈ ಜಾತಿಯ ಕಪ್ಪೆ ಸುಮಾರು 1.3 ಮೀಟರಿಗಿಂತ ಹೆಚ್ಚು ನೆಗೆಯಲಾರದೆಂದು ಪ್ರಯೋಗಶಾಲೆಯ ಲೆಕ್ಕವಿತ್ತು. ಜಾತ್ರೆಯಲ್ಲಿ ಅರ್ಧಕ್ಕಿಂತ ಹೆಚ್ಚು ನೆಗೆತಗಳು ಅದನ್ನು ದಾಟಿದ್ದವು, ಒಂದು 2.2 ಮೀಟರು ಮುಟ್ಟಿತ್ತು. ತಲೆಮಾರಿನಿಂದ ಕಪ್ಪೆ ನೆಗೆಸುವ ಮನೆತನಗಳಿಗೆ ತಿಳಿದದ್ದು ಶಾಸ್ತ್ರಕ್ಕೆ ಆಮೇಲೆ ತಿಳಿಯಿತು. ಪಂದ್ಯದಲ್ಲಿ ಸತ್ತ ಕಪ್ಪೆಯನ್ನು ತಿನ್ನಕೂಡದೆಂದು ಆ ರಾಜ್ಯದಲ್ಲಿ ಕಾನೂನೇ ಇದೆ. ನಮ್ಮಲ್ಲಿ ಮಳೆಗಾಗಿ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ, 2019ರಲ್ಲಿ ಉಡುಪಿಯಲ್ಲಿ ಮಾಡಿದರು ಎಂದು ಪಕ್ಕದ ಅಜ್ಜಿಯೊಬ್ಬರಿಗೆ ಹೇಳಿದೆ. ಅವರು ನಗಲಿಲ್ಲ, ಮಳೆ ಬಂತೆ ಎಂದು ಕೇಳಿದರು.

ಅಲ್ಲಿ ಕಪ್ಪೆ ಬಾಡಿಗೆಗೂ ಸಿಗುತ್ತದೆ. ನನ್ನ ಕಪ್ಪೆ ಮೊದಲು ಮುಂದಕ್ಕೆ ನೆಗೆಯಿತು, ಎರಡನೆಯದು ಪಕ್ಕಕ್ಕೆ, ಮೂರನೆಯದು ನನ್ನ ಕಡೆಗೇ. ಒಟ್ಟು ಮೊತ್ತ ಗಣನೀಯವಾಗಿತ್ತು. ನಿವ್ವಳ ಮಾತ್ರ ಎರಡಡಿ.

ಸ್ನೇಹಿತರಲ್ಲಿ ಒಬ್ಬರು, ದಾವಣಗೆರೆಯ ಕಡೆಯವರು, ಆಸ್ಪತ್ರೆಯೊಂದರ ಪ್ರಯೋಗಶಾಲೆಯಲ್ಲಿ ಕೆಲಸದವರು. ಅವರಿಗೆ ಅಂದು ಸಂಜೆ ಏಳಕ್ಕೆ ರಾತ್ರಿ ಪಾಳಿ. ಎರಡೂವರೆಗೆ ಹೊರಡುವುದೆಂದು ಗೊತ್ತಾಗಿತ್ತು. ನಿಲ್ದಾಣಕ್ಕೆ ಬಂದಾಗ ಬಿಸಿಲು ಸುಡುತ್ತಿತ್ತು. ಗಾಳಿಚೀಲ ಓಡುದಾರಿಗೆ ಅಡ್ಡಲಾಗಿ ಒಮ್ಮೆ ಎದ್ದು ಒಮ್ಮೆ ಬೀಳುತ್ತಿತ್ತು. ಅಣ್ಣ ಮತ್ತೆ ಕಾಗದ ತೆಗೆದ. ಬಿಸಿಗಾಳಿ ತೆಳುವಾಗಿರುತ್ತದೆ, ಎಂಜಿನ್ನಿಗೂ ರೆಕ್ಕೆಗೂ ಅದರಲ್ಲಿ ಹಿಡಿತ ಕಡಿಮೆ. ಆ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 1,300 ಅಡಿ ಎತ್ತರದಲ್ಲಿದೆ. ಶಾಖ 32 ಡಿಗ್ರಿಯಾದರೆ ವಿಮಾನದ ಪಾಲಿಗೆ ಅದೇ ನೆಲ 3,600 ಅಡಿಯ ಗುಡ್ಡವಾಗುತ್ತದೆ. ಮೇಲೇಳಲು ಇಷ್ಟು ದೂರ ಬೇಕೆಂದು ವಿಮಾನದ ಪುಸ್ತಕ ಹೇಳಿದ್ದಕ್ಕೆ ಅಣ್ಣ ಅದರ ಅರ್ಧವನ್ನು ಇನ್ನೂ ಸೇರಿಸುತ್ತಾನೆ. ಸೇರಿಸಿದಾಗ ಓಡುದಾರಿಯಲ್ಲಿ ಮಿಕ್ಕದ್ದು ಬಹಳ ಸ್ವಲ್ಪ.

"ಈಗ ಹೊರಡುವುದಿಲ್ಲ" ಎಂದ.

ದಾವಣಗೆರೆಯವರ ಮುಖ ಕೆಂಪಾಯಿತು. "ಪುಸ್ತಕವೇ ಸಾಕು ಅನ್ನುತ್ತದಲ್ಲ ಮಾರಾಯರೆ! ನನ್ನ ಕೆಲಸದ ಗತಿಯೇನು?"

"ಪುಸ್ತಕದ ಲೆಕ್ಕಕ್ಕೆ ಹಾರಿಸಿದ್ದು ಹೊಸ ವಿಮಾನ, ಹಾರಿಸಿದವನು ಕಂಪನಿಯ ಪೈಲಟ್ಟು. ಇದು ಬಾಡಿಗೆಯದು, ನಾನು ಶನಿವಾರದ ಪೈಲಟ್ಟು."

"ನನ್ನೊಬ್ಬನನ್ನಾದರೂ ಬಿಟ್ಟು ಬನ್ನಿ."

"ಭಾರ ಇಳಿಸಬಹುದು, ಗಾಳಿ ತಿರುಗಿಸಲಾರೆ."

ಅಲ್ಲಿಯ ಪೈಲಟ್ಟುಗಳು ಈ ಒತ್ತಾಯಕ್ಕೆ ಕಾಯಿಲೆಯ ಹೆಸರನ್ನೇ ಇಟ್ಟಿದ್ದಾರೆ: ಹೇಗಾದರೂ ತಲುಪಲೇಬೇಕೆಂಬ ರೋಗ. ಪರಿಚಯದವರು, ಅವಸರವಿದೆ, ಸಹಿಯೊಂದು ಕಡಿಮೆಯಾದರೇನು, ಚೆಕ್ಕು ಪಾಸುಮಾಡಿ ಎನ್ನುವವರನ್ನು ನಾನು ಕೌಂಟರಿನಲ್ಲಿ ದಿನವೂ ಕಾಣುತ್ತೇನೆ. ಸ್ನೇಹಿತನಿಗೆ ಇಲ್ಲವೆನ್ನುವುದು ಅಪರಿಚಿತನಿಗೆ ಇಲ್ಲವೆಂದಷ್ಟು ಸುಲಭವಲ್ಲ. ಅಣ್ಣ ವಿಮಾನದ ರೆಕ್ಕೆಯ ನೆರಳಿನಲ್ಲಿ ಕೂತು ಪುಳಿಯೋಗರೆಯ ಡಬ್ಬಿ ಬಿಚ್ಚಿದ. ದಾವಣಗೆರೆಯವರು ಒಂದು ಗಂಟೆ ಯಾರೊಡನೆಯೂ ಮಾತಾಡಲಿಲ್ಲ. ಆಮೇಲೆ ನಾಲ್ಕಾರು ಕಡೆ ಫೋನು ಮಾಡಿ ಪಾಳಿ ಬದಲಿಸಿಕೊಂಡರು; ಬದಲಿಗೆ ಎರಡು ಭಾನುವಾರ ಕೊಡಬೇಕಾಯಿತು. ಚಕ್ಕುಲಿಗೆ ಕೈ ಹಾಕಿದ್ದು ಅದಾದ ಮೇಲೆಯೇ.

ಏಳರ ಹೊತ್ತಿಗೆ ಗಾಳಿ ಬಿದ್ದುಹೋಯಿತು, ನೆಲ ತಣಿಯಿತು. ಓಡುದಾರಿಯ ಅರ್ಧ ಬರುವ ಮೊದಲೇ ಚಕ್ರಗಳು ನೆಲ ಬಿಟ್ಟವು. ಸೂರ್ಯಾಸ್ತಕ್ಕೆ ಮೊದಲು ಇಳಿದೆವು.

ಮನೆಯಲ್ಲಿ ಲೆಕ್ಕ ಬರೆಯುವ ಕೆಲಸ ನನಗೇ ಬಂತು. ಪೆಟ್ರೋಲು, ಬಾಡಿಗೆ ಎಲ್ಲ ಕೂಡಿಸಿ ನಾಲ್ಕು ಪಾಲು ಮಾಡಿದೆ. ಮೊದಲು ಹಣ ಇಟ್ಟವರು ದಾವಣಗೆರೆಯವರೇ. ಅಣ್ಣನೂ ತನ್ನ ಪಾಲು ಇಟ್ಟ. ಕಪ್ಪೆಯ ಬಾಡಿಗೆಯನ್ನು ಮಾತ್ರ ಯಾರೂ ಹಂಚಿಕೊಳ್ಳಲು ಒಪ್ಪಲಿಲ್ಲ.