ದಾದಾಭಾಯಿಯವರ ಲೆಕ್ಕದ ಪುಸ್ತಕ



ಈ ಸಂಜೆ ನಾವು ತಮ್ಮ ಮುಂದಿಡಬಯಸುವುದು ಒಬ್ಬ ವರ್ತಕರ ಚರಿತ್ರೆಯನ್ನು. ಗಡಿನಾಡಿನ ಸಭೆಯಲ್ಲಿ ಪಾರಸಿ ವ್ಯಾಪಾರಿಯ ಕಥೆಯೇಕೆಂದು ತಾವು ಕೇಳಬಹುದು. ಸ್ವಲ್ಪ ತಾಳ್ಮೆಯಿಂದ ಆಲಿಸಬೇಕೆಂದು ಪ್ರಾರ್ಥನೆ.

1825ರಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದ ದಾದಾಭಾಯಿ ನವರೋಜಿಯವರು ಮೊದಲಿಗೆ ನಮ್ಮಂತೆಯೇ ಉಪಾಧ್ಯಾಯರು. ಮುಂಬಯಿಯ ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಗಣಿತವನ್ನು ಬೋಧಿಸುತ್ತಿದ್ದರು. 1855ರಲ್ಲಿ ಕಾಮಾ ಕಂಪೆನಿಯ ಪಾಲುದಾರರಾಗಿ ಇಂಗ್ಲೆಂಡಿಗೆ ತೆರಳಿದರು. ಅಫೀಮು, ಮದ್ಯಗಳಿಂದ ಬರುವ ಲಾಭವು ಅವರ ಮನಸ್ಸಿಗೆ ಒಗ್ಗದೆ ಹೊರಬಂದು, 1859ರಲ್ಲಿ ಸ್ವಂತವಾಗಿ ಹತ್ತಿಯ ವ್ಯಾಪಾರವನ್ನು ಆರಂಭಿಸಿದರು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದ ಆ ವರ್ಷಗಳಲ್ಲಿ ನಮ್ಮ ಧಾರವಾಡ ಸೀಮೆಯ ಹತ್ತಿಗೂ ಚಿನ್ನದ ಬೆಲೆ ಬಂದಿತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು, ದಾದಾಭಾಯಿಯವರ ವ್ಯಾಪಾರವೂ ನಷ್ಟಕ್ಕೆ ಸಿಲುಕಿತು.

ವ್ಯಾಪಾರ ಹೋದರೂ ವ್ಯಾಪಾರಿಯ ಅಭ್ಯಾಸ ಹೋಗಲಿಲ್ಲ. ಜಮಾ ಎಷ್ಟು, ಖರ್ಚು ಎಷ್ಟು ಎಂದು ಕೇಳುವ ಅಭ್ಯಾಸವದು. ಅದೇ ಪ್ರಶ್ನೆಯನ್ನು ಅವರು ಸಾಮ್ರಾಜ್ಯಕ್ಕೇ ಹಾಕಿದರು. ಹಿಂದುಸ್ಥಾನದಿಂದ ಪ್ರತಿವರ್ಷ ಸಂಪತ್ತು ಹೊರಗೆ ಹರಿಯುತ್ತಿದೆ, ಪ್ರತಿಯಾಗಿ ಏನೂ ಬರುತ್ತಿಲ್ಲವೆಂದು ತೋರಿಸಿದರು. ಬಳಸಿದ ಅಂಕಿಗಳೆಲ್ಲ ಬಹುಮಟ್ಟಿಗೆ ಸರ್ಕಾರದ ವರದಿಗಳಲ್ಲಿದ್ದವೇ! ಒಬ್ಬ ಪ್ರಜೆಯ ವರ್ಷದ ಸರಾಸರಿ ಉತ್ಪನ್ನ ಸುಮಾರು 20 ರೂಪಾಯಿಯೆಂದು ಅವರು ಲೆಕ್ಕ ಹಾಕಿದರು. ಬಳಿಕ ಸೆರೆಮನೆಗಳ ವರದಿಗಳನ್ನು ತೆರೆದರು. ಕೈದಿಯೊಬ್ಬನ ಊಟ ಬಟ್ಟೆಗಳಿಗೆ ಸರ್ಕಾರ ಅದಕ್ಕಿಂತ ಹೆಚ್ಚು ವ್ಯಯಮಾಡುತ್ತಿತ್ತು. ತಪ್ಪಿಲ್ಲದೆ ದುಡಿಯುವ ರೈತನ ಪಾಲಿಗೆ ಅಪರಾಧಿಯ ಗ್ರಾಸವೂ ಇರಲಿಲ್ಲವೆಂದಾಯಿತು. ಈ ಒಂದು ಹೋಲಿಕೆಗಾಗಿಯೇ ನಾವು ಅವರಿಗೆ ಕೈಮುಗಿಯುತ್ತೇವೆ.

1886ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೆ ಸ್ಪರ್ಧಿಸಿ ಸೋತರು. ಕರಿಯನೊಬ್ಬನನ್ನು ಇಂಗ್ಲಿಷರು ಆರಿಸುವರೇ ಎಂಬರ್ಥದಲ್ಲಿ ಪ್ರಧಾನಿ ಸಾಲಿಸ್‌ಬರಿಯವರು 1888ರಲ್ಲಿ ಹೀಗಳೆದರು. 1892ರಲ್ಲಿ ಲಂಡನ್ನಿನ ಸೆಂಟ್ರಲ್ ಫಿನ್ಸ್‌ಬರಿಯ ಮತದಾರರು ಆರಿಸಿಯೇ ತೋರಿಸಿದರು. ಅಂತರ ಎಷ್ಟು ಬಲ್ಲಿರಾ? ಕೇವಲ 5 ಮತಗಳು. ಅಂದು ಐದಾರು ಜನ ಮನೆಯಲ್ಲೇ ಉಳಿದಿದ್ದರೆ!

ಈಗ ನಮ್ಮ ಊರಿಗೆ ಬರೋಣ. ತರಗತಿಯಲ್ಲಿ 10 ಮಕ್ಕಳು ಅಥವಾ ಶಾಲೆಯಲ್ಲಿ 40 ಮಕ್ಕಳು ಒಂದು ನುಡಿಯವರಿದ್ದರೆ ಆ ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ನೀಡಲು ಅಧ್ಯಾಪಕರನ್ನು ನೇಮಿಸಬೇಕೆಂದು 1949ರಲ್ಲಿ ಪ್ರಾಂತಗಳ ಶಿಕ್ಷಣ ಸಚಿವರು ನಿರ್ಣಯಿಸಿದರು. 1956ರಲ್ಲಿ ಕೇಂದ್ರ ಸರ್ಕಾರ ಅದನ್ನೇ ಎತ್ತಿಹಿಡಿಯಿತು. ನಮ್ಮಲ್ಲಿ ಹತ್ತು ಮಕ್ಕಳಿಲ್ಲವೆಂದಲ್ಲ; ದಾಖಲೆ ಪುಸ್ತಕದಲ್ಲಿ ಒಂಬತ್ತೇ ಕಾಣುತ್ತದೆ. ಮನೆಯಲ್ಲಿ ಕನ್ನಡವಾಡುವ ಮಗುವಿನ ತಾಯ್ನುಡಿಯ ಅಂಕಣದಲ್ಲಿ, ರಾಜ್ಯದ ಭಾಷೆಯೇ ಇರಲಿ ಎಂದು ನಾವೇ ಬರೆಸಿರುತ್ತೇವೆ. ಮನವಿಪತ್ರ ಹಿಡಿದು ಕಚೇರಿಗೆ ಹೋದಾಗ ಅಧಿಕಾರಿಗಳು ಆ ಪುಸ್ತಕವನ್ನೇ ತಿರುಗಿಸಿ ನಮಗೆ ತೋರಿಸುತ್ತಾರೆ.

ಬರುವ ಸೋಮವಾರದಿಂದ ನಾವೂ ಸಮಿತಿಯ ಇಬ್ಬರು ಸದಸ್ಯರೂ ಮನೆಮನೆಗೆ ಬರಲಿದ್ದೇವೆ. ಮಕ್ಕಳ ಹೆಸರು, ವಯಸ್ಸು, ತಾಯ್ನುಡಿ, ಇಷ್ಟನ್ನೇ ಕೇಳುತ್ತೇವೆ. ಹಗಲು ಹೊಲಕ್ಕೆ ಹೋಗುವವರು ಸಂಜೆ ದೀಪ ಹಚ್ಚಿದ ಮೇಲೆ ಮನೆಯಲ್ಲಿರಬೇಕಾಗಿ ಕೋರುತ್ತೇವೆ.