ಧ್ವನಿಯೂ ಧ್ವನಿವರ್ಧಕವೂ

‘ಧ್ವನಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಕಾವ್ಯಮೀಮಾಂಸೆಯ ವಿದ್ಯಾರ್ಥಿಗೆ ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ನೆನಪಾಗುತ್ತಾನೆ; ಉಳಿದವರಿಗೆ ಬಹುಶಃ ಮದುವೆಮನೆಯ ಧ್ವನಿವರ್ಧಕ ನೆನಪಾಗುತ್ತದೆ. ಹೆಸರುಗಳ ಈ ಹೋಲಿಕೆ ಆಕಸ್ಮಿಕವಾದದ್ದು. ಆದರೂ ಇವೆರಡರ ನಡುವೆ ಹೆಸರಿಗಿಂತ ಆಳವಾದ ಒಂದು ನಂಟು ಉಂಟು. ವಾಚ್ಯಾರ್ಥ ತಿಳಿದ ಮೇಲೆ, ಘಂಟೆಯ ಪೆಟ್ಟಿನ ಹಿಂದೆ ಮೊಳಗು ಬರುವಂತೆ, ಹೊಮ್ಮುವ ಅರ್ಥಕ್ಕೆ ನಮ್ಮ ಆಲಂಕಾರಿಕರು ಅನುರಣನದ ಹೋಲಿಕೆ ಕೊಟ್ಟರು. ಒಳ್ಳೆಯ ಧ್ವನಿವರ್ಧಕವನ್ನು ರಚಿಸಹೊರಟವನನ್ನು ಕಾಡುವುದೂ ಈ ಅನುರಣನವೇ. ಘಂಟೆಯ ಅನುರಣನ ಪೂರ್ತಿಯಾಗಿ ಕೇಳಿಸಬೇಕು. ಪೆಟ್ಟಿಗೆಯ ಅನುರಣನ ಎಳ್ಳಷ್ಟೂ ಕೇಳಿಸಬಾರದು.

ಮೆರವಣಿಗೆಯ ಕಹಳೆಯಾಕಾರದ ಧ್ವನಿವರ್ಧಕದ ಮಾತನ್ನು ನಾನು ಆಡುತ್ತಿಲ್ಲ. ಸಂಗೀತಪ್ರಿಯರ ಮನೆಯ ನಡುಮನೆಯಲ್ಲಿ, ನೆಲದ ಮೇಲೆ, ಸೊಂಟದೆತ್ತರಕ್ಕೋ ಎದೆಯೆತ್ತರಕ್ಕೋ ನಿಲ್ಲುವ ಜೋಡಿ ಪೆಟ್ಟಿಗೆಗಳ ಮಾತು ಇದು. ಇಂಥವುಗಳ ಬೆಲೆ ಲಕ್ಷಗಳನ್ನು ಮುಟ್ಟುವುದುಂಟು. ಇವು ಹೊರದೇಶಗಳಲ್ಲಿ ಮಾತ್ರ ಹುಟ್ಟಬೇಕೆಂಬ ನಿಯಮವೇನೂ ಇಲ್ಲ. ನಮ್ಮ ಶಿವಮೊಗ್ಗದ ತರುಣನೊಬ್ಬ ಅಂಥದೊಂದನ್ನು ಹೊಸದಾಗಿ ರಚಿಸಹೊರಟನೆಂದು ಭಾವಿಸೋಣ. ಅವನ ಮುಂದಿರುವ ಪ್ರಶ್ನೆಗಳಾವುವು?

ಧ್ವನಿವರ್ಧಕದ ಒಡಲು ಸರಳವಾದದ್ದು. ಒಂದು ಅಯಸ್ಕಾಂತ, ಅದರ ಸಂದಿನಲ್ಲಿ ತಂತಿಯ ಸುರುಳಿ, ಸುರುಳಿಗೆ ಅಂಟಿದ, ಆಲಿಕೆಯಾಕಾರದ ಕಾಗದ. ವಿದ್ಯುತ್ತು ಹರಿದಂತೆ ಸುರುಳಿ ಹಿಂದೆ ಮುಂದೆ ಆಡುತ್ತದೆ, ಕಾಗದ ಗಾಳಿಯನ್ನು ನೂಕುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ರೈಸ್ ಮತ್ತು ಕೆಲಾಗ್ 1925ರಲ್ಲಿ ಪ್ರಕಟಿಸಿದ ವಿನ್ಯಾಸ ನೂರು ವರ್ಷ ಕಳೆದರೂ ಮೂಲದಲ್ಲಿ ಬದಲಾಗಿಲ್ಲ. ಕಬ್ಬಿಣ ಮತ್ತು ಕಾಗದ! ಭದ್ರಾವತಿಯ ಜನಕ್ಕೆ ಈ ಜೋಡಿಯನ್ನು ಪರಿಚಯ ಮಾಡಿಕೊಡಬೇಕಾದ್ದಿಲ್ಲ. 1923ರಲ್ಲಿ ಕಬ್ಬಿಣ ತೆಗೆಯತೊಡಗಿದ ಕಾರ್ಖಾನೆಯೂ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಬೆಳೆಸಿದ ಊರು ಅದು. ಈಚೆಗೆ ಅಲ್ಯೂಮಿನಿಯಮ್, ಪ್ಲಾಸ್ಟಿಕ್, ಇಂಗಾಲದ ನೂಲು ಇವುಗಳೆಲ್ಲ ಬಳಕೆಗೆ ಬಂದಿದ್ದರೂ ಕಾಗದ ಸೋತಿಲ್ಲ. ಅದು ಹಗುರ, ಅದಕ್ಕೆ ತಕ್ಕಷ್ಟು ಬಿಗುವೂ ಇದೆ, ತನ್ನ ನಡುಕವನ್ನು ತಾನೇ ಬೇಗ ಅಡಗಿಸಿಕೊಳ್ಳುವ ಸಂಯಮವೂ ಇದೆ.

ಮನುಷ್ಯನ ಕಿವಿಯ ವ್ಯಾಪ್ತಿ ಸೆಕೆಂಡಿಗೆ ಸುಮಾರು 20 ಕಂಪನದಿಂದ 20,000 ಕಂಪನದವರೆಗೆ. ಮೊದಲನೆಯದರ ಅಲೆಯ ಉದ್ದ ಸುಮಾರು 17 ಮೀಟರು, ಕೊನೆಯದರದು 1.7 ಸೆಂಟಿಮೀಟರು. ಎರಡನ್ನೂ ಒಂದೇ ಕಾಗದದಿಂದ ಹೊರಡಿಸುವುದು ಬಲು ಕಷ್ಟ. ಆದ್ದರಿಂದ ಕೆಲಸವನ್ನು ಹಂಚಬೇಕು. ಮಂದ್ರಕ್ಕೆ ಅಗಲವಾದ ಆಲಿಕೆ; ತಾರಕ್ಕೆ ಒಂದಂಗುಲದ ಪುಟ್ಟ ಗುಮ್ಮಟ. ಇವೆರಡರ ಗಡಿಯನ್ನು ಅನೇಕ ರಚನೆಗಳಲ್ಲಿ 2,000ದಿಂದ 3,000 ಕಂಪನಗಳ ನಡುವೆ ಇಡುತ್ತಾರೆ. ಕಷ್ಟ ಇರುವುದು ಈ ಗಡಿಯಲ್ಲಿಯೇ. ‘ಶಿವಮೊಗ್ಗ’ ಎಂದು ಒಬ್ಬರು ಉಚ್ಚರಿಸಿದರೆನ್ನಿ. ಶಕಾರದ ಉಸಿರಿನ ಬಹುಪಾಲು ಮೇಲಿನ ಗುಮ್ಮಟದಿಂದ ಬರುತ್ತದೆ. ‘ಮೊಗ್ಗ’ದ ಗುಂಡುದನಿ ಕೆಳಗಿನ ಆಲಿಕೆಯಿಂದ ಬರುತ್ತದೆ. ಕೇಳುವವನಿಗೆ ಮಾತ್ರ ಒಂದೇ ಬಾಯಿಂದ ಒಂದೇ ಊರಿನ ಹೆಸರು ಕೇಳಬೇಕು.

ಈ ಸಾಮರಸ್ಯಕ್ಕೆ ನಿದರ್ಶನ ಬೇಕಾದರೆ ದೂರ ಹೋಗಬೇಕಾಗಿಲ್ಲ. ತುಂಗೆಯ ದಡದ ಮತ್ತೂರು, ಹೊಸಹಳ್ಳಿಗಳು ನಮ್ಮ ಪಕ್ಕದಲ್ಲಿಯೇ ಇವೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಗಳು ಕುಮಾರವ್ಯಾಸನನ್ನು ವಾಚಿಸುವರು, ಮತ್ತೂರು ಕೃಷ್ಣಮೂರ್ತಿಗಳು ವ್ಯಾಖ್ಯಾನಿಸುವರು. ಒಬ್ಬರು ಎಲ್ಲಿ ಬಿಟ್ಟರು, ಇನ್ನೊಬ್ಬರು ಎಲ್ಲಿ ಹಿಡಿದರು ಎಂಬುದು ಕೇಳುವವರಿಗೆ ಹೊಳೆಯದಂತೆ ಕಥೆ ಸಾಗುತ್ತಿತ್ತು. ಒಬ್ಬರು ಇನ್ನೊಬ್ಬರ ಮೇಲೆ ಬಿದ್ದರೆ ಗೊಂದಲ. ನಡುವೆ ತೆರಪು ಬಿಟ್ಟರೆ ರಸಭಂಗ. ಪೆಟ್ಟಿಗೆಯೊಳಗೆ ಸುರುಳಿ, ಕೆಪಾಸಿಟರು, ರೆಸಿಸ್ಟರುಗಳಿಂದ ಕಟ್ಟುವ ವಿಭಾಜಕ ಜಾಲದ ಧರ್ಮವೂ ಇದೇ. ರಚಿಸುವವನ ತಿಂಗಳುಗಟ್ಟಲೆ ದುಡಿಮೆ ಕರಗುವುದು ಇಲ್ಲಿ.

ಇನ್ನು ಪೆಟ್ಟಿಗೆ. ಕಾಗದ ಮುಂದಕ್ಕೆ ನೂಕಿದಷ್ಟೇ ಹಿಂದಕ್ಕೂ ನೂಕುತ್ತದೆ. ಹಿಂದಿನ ಅಲೆ ಮುಂದಿನದರೊಡನೆ ಕೂಡಿಕೊಂಡರೆ ಮಂದ್ರ ಅಳಿಸಿಹೋಗುತ್ತದೆ. ಆದ್ದರಿಂದ ಅದನ್ನು ಪೆಟ್ಟಿಗೆಯಲ್ಲಿ ಸೆರೆಯಿಡಬೇಕು, ಇಲ್ಲವೇ ಅಳತೆಯ ಕೊಳವೆಯೊಂದರಿಂದ ತಿದ್ದಿ ಹೊರಗೆ ಬಿಡಬೇಕು. ಕೊಳವೆಯ ಉದ್ದವೆಷ್ಟು, ಪೆಟ್ಟಿಗೆಯ ಗಾತ್ರವೆಷ್ಟು ಎಂಬುದನ್ನು ಊಹೆಗೆ ಬಿಡದೆ ಲೆಕ್ಕಕ್ಕೆ ತಂದವರು ಆಸ್ಟ್ರೇಲಿಯದಲ್ಲಿ 1961ರಲ್ಲಿ ಬರೆದ ನೆವಿಲ್ ಥೀಲ್, ಆಮೇಲೆ 1970ರ ದಶಕದಲ್ಲಿ ಅದನ್ನು ವಿಸ್ತರಿಸಿದ ರಿಚರ್ಡ್ ಸ್ಮಾಲ್. ಪೆಟ್ಟಿಗೆಯನ್ನು ನೆಲದಿಂದ ಎತ್ತರವಾಗಿ ನಿಲ್ಲಿಸಿದರೆ ಒಳಗೆ ಮಂದ್ರಕ್ಕೆ ಬೇಕಾದ ಅವಕಾಶ ಸಿಕ್ಕುತ್ತದೆ. ಕುಳಿತವನ ಕಿವಿಯ ಮಟ್ಟಕ್ಕೆ ತಾರದ ಗುಮ್ಮಟವೂ ಬರುತ್ತದೆ.

ಮಲೆನಾಡಿನವರಾದ ನಮಗೆ ತೇಗ, ಬೀಟೆಗಳ ಮೇಲೆ ಅಭಿಮಾನ. ಅಂಥ ಮರದಿಂದಲೇ ಪೆಟ್ಟಿಗೆ ಮಾಡಿದರೆ ನಾದ ಇನ್ನೂ ಸೊಗಸಾದೀತೆಂದು ತೋರುವುದು ಸಹಜ. ವೀಣೆಯ ಕೆಲಸಗಾರ ಹಲಸಿನ ಮರವನ್ನು ಆರಿಸುವುದು ಅದು ಹಾಡಲೆಂದು. ಧ್ವನಿವರ್ಧಕದವನು ಮರವನ್ನು ಆರಿಸುವುದು ಅದು ಸುಮ್ಮನಿರಲೆಂದು. ಪೆಟ್ಟಿಗೆಯ ಹಲಗೆ ತಾನೂ ಹಾಡತೊಡಗಿದರೆ ಪ್ರತಿಯೊಂದು ವೀಣೆಯೂ ಪ್ರತಿಯೊಂದು ಕಂಠವೂ ಆ ಹಲಗೆಯ ಬಣ್ಣವನ್ನೇ ಬಳಿದುಕೊಳ್ಳುತ್ತದೆ. ಅಲ್ಲದೆ ನಮ್ಮ ಮಳೆಗಾಲದ ತೇವಕ್ಕೆ ಇಡೀ ಮರ ಉಬ್ಬುತ್ತದೆ, ಬೇಸಗೆಗೆ ಕುಗ್ಗುತ್ತದೆ. ಆದ್ದರಿಂದ ಪದರ ಪದರವಾಗಿ ಅಂಟಿಸಿದ ಹಲಗೆಯನ್ನೋ ಒತ್ತಿ ಮಾಡಿದ ನಾರುಹಲಗೆಯನ್ನೋ ಬಳಸಿ, ತೇವ ತಗಲದಂತೆ ಬಣ್ಣ ಬಳಿದು, ಒಳಗೆ ಅಡ್ಡಪಟ್ಟಿಗಳನ್ನು ಕೊಟ್ಟು, ಬೀಟೆಯ ತೆಳುಹೊದಿಕೆಯನ್ನು ಕಣ್ಣಿನ ತೃಪ್ತಿಗಾಗಿ ಹೊರಗೆ ಹೊದಿಸುವುದು ವಿವೇಕ.

ಹೀಗೆ ಸಿದ್ಧವಾದ ಪೆಟ್ಟಿಗೆಯನ್ನು ಪರೀಕ್ಷಿಸುವುದು ಹೇಗೆ? ಮೈಕಿನ ಮುಂದಿಟ್ಟು, ಯಾವ ಸ್ವರ ಹೆಚ್ಚಿತು, ಯಾವುದು ತಗ್ಗಿತು, ಸ್ವರ ನಿಂತ ಮೇಲೂ ಯಾವುದು ಉಳಿಯಿತು ಎಂಬುದನ್ನು ಅಳೆಯಬಹುದು, ಅಳೆಯಲೂಬೇಕು. ಆದರೆ ಅಳತೆಯ ಮೇಲೆ ಕಿವಿಯ ಪರೀಕ್ಷೆ ಇದ್ದೇ ಇದೆ. ಅದಕ್ಕೆ ಪಾಶ್ಚಾತ್ಯ ವಾದ್ಯಗೋಷ್ಠಿಯ ಮುದ್ರಿಕೆಗಳಷ್ಟೇ ಸಾಲವು. ಸಾಧಾರಣವಾದ ಚರ್ಮವಾದ್ಯದಲ್ಲಿ ಮೇಲುಸ್ವರಗಳು ಶ್ರುತಿಗೆ ಹೊಂದುವುದಿಲ್ಲ. ಮೃದಂಗದಲ್ಲಿ ಬಲಮುಖದ ಕರಣೆಯಿಂದಾಗಿ ಅವು ಹೊಂದುತ್ತವೆ. ಸಿ.ವಿ. ರಾಮನ್ನರು 1920ರಲ್ಲಿ ಕಲ್ಕತ್ತೆಯಲ್ಲಿದ್ದಾಗ ಇದನ್ನು ಗುರುತಿಸಿದರು; 1934ರಲ್ಲಿ ಬೆಂಗಳೂರಿನಿಂದ ವಿಸ್ತಾರವಾಗಿ ಬರೆದರು. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಇಡುವ ಒಂದೆಳೆ ನೂಲು ಎಷ್ಟು ಮೇಲುಸ್ವರಗಳನ್ನು ಎಬ್ಬಿಸುತ್ತದೆಂಬುದನ್ನು ಕೇಳಿದವರೇ ಬಲ್ಲರು. ಪೆಟ್ಟಿಗೆ ಸ್ವಲ್ಪ ಗುಂಯ್‌ಗುಟ್ಟಿದರೂ ಮೃದಂಗದ ಶ್ರುತಿ ಮಸುಕಾಗುತ್ತದೆ. ಗುಮ್ಮಟ ಸ್ವಲ್ಪ ಕಿರುಚಿದರೂ ತಂಬೂರಿ ತಗಡಾಗುತ್ತದೆ. ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಪರಿಚಿತರ ಮಾತು. ಮನೆಯವರ ದನಿಯಲ್ಲಿ ಕಿಂಚಿತ್ತು ವ್ಯತ್ಯಾಸವಾದರೂ ನಮ್ಮ ಕಿವಿ ಅದನ್ನು ಹಿಡಿಯುತ್ತದೆ.

ಕಿವಿಯನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಅದರ ಪಕ್ಕದಲ್ಲಿ ಕಣ್ಣು ಇದೆ. ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪೆಟ್ಟಿಗೆಗಳು ಕಣ್ಣಿಗೆ ಕಂಡಾಗ ಜನ ಕೊಟ್ಟ ಅಂಕಗಳು ಒಂದು, ಪರದೆಯ ಹಿಂದಿದ್ದಾಗ ಕೊಟ್ಟ ಅಂಕಗಳು ಇನ್ನೊಂದು. ನಮ್ಮ ತರುಣನೂ ತನ್ನ ಕೃತಿಯನ್ನು ಪರದೆಯ ಹಿಂದಿಟ್ಟು ಪರರ ಕಿವಿಗೆ ಒಪ್ಪಿಸಬೇಕು. ಕವಿಯ ಹೆಸರು ಮುಚ್ಚಿ ಪದ್ಯವನ್ನು ಓದಿಸಿದಂತೆ ಅದು.

ಅವನ ಮುಂದೆ ಒಂದು ಪ್ರಲೋಭನೆಯೂ ಇದೆ. ಮಂದ್ರವನ್ನೂ ತಾರವನ್ನೂ ಕೊಂಚ ಉಬ್ಬಿಸಿದರೆ ಅಂಗಡಿಗೆ ಬಂದ ಗಿರಾಕಿ ಐದು ನಿಮಿಷದಲ್ಲಿ ಮರುಳಾಗುತ್ತಾನೆ. ಉಬ್ಬಿಸದ ಪೆಟ್ಟಿಗೆ ಮೊದಲು ಸಪ್ಪೆಯೆನಿಸುತ್ತದೆ. ಆದರೆ ಒಗ್ಗರಣೆಯ ಘಾಟನ್ನೇ ರುಚಿಯೆಂದು ಬಗೆದವನು ಆರನೆಯ ತಿಂಗಳಲ್ಲಿ ಪಾಡುಪಡುತ್ತಾನೆ. ‘ಸೊಗಸಾಗಿ ಕೇಳಿಸಿದರೆ ಸಾಕು, ಸತ್ಯದ ಹಂಗೇಕೆ?’ ಎಂದು ಕೇಳುವವರುಂಟು. ಹಾಡಿದವರು ನಾಳೆಯೂ ಬಂದು ಹಾಡುವಂತಿದ್ದರೆ ಈ ಮಾತನ್ನು ಒಪ್ಪಬಹುದಿತ್ತು. ಮತ್ತೂರು ಕೃಷ್ಣಮೂರ್ತಿಗಳು ಈಗಿಲ್ಲ. ಕೇಶವಮೂರ್ತಿಗಳು ಪದ್ಮಶ್ರೀ ಪಡೆದ 2022ರಲ್ಲಿಯೇ ತೀರಿಕೊಂಡರು. ಉಳಿದಿರುವುದು ಮುದ್ರಿಕೆಗಳು. 1965ರಲ್ಲಿ ಆರಂಭವಾದ ಭದ್ರಾವತಿ ನಿಲಯದಂಥ ಬಾನುಲಿ ಕೇಂದ್ರಗಳಿಂದ ಕೇಳಿಬಂದ ಇನ್ನೆಷ್ಟೋ ಕಂಠಗಳು ಇಂದು ಮುದ್ರಿಕೆಗಳಲ್ಲಿ ಮಾತ್ರ ಜೀವಿಸುತ್ತಿವೆ.

ಆ ಕಂಠಗಳನ್ನು ಕೇಳದ ಪೀಳಿಗೆಗೆ ಧ್ವನಿವರ್ಧಕ ಹೇಳಿದ್ದೇ ಪ್ರಮಾಣ. ಅದು ಗಮಕಿಯ ದನಿಗೆ ಇಲ್ಲದ ಗಾಂಭೀರ್ಯವನ್ನು ಕೂಡಿಸಿದರೆ ಅದು ಗಮಕಿಯ ಗಾಂಭೀರ್ಯವೆಂದೇ ಉಳಿಯುತ್ತದೆ. ಅವರು ಉಸಿರೆಳೆದುಕೊಂಡ ಕ್ಷಣವನ್ನು ನುಂಗಿದರೆ ಆ ಉಸಿರು ಇರಲೇ ಇಲ್ಲವೆಂದಾಗುತ್ತದೆ. ಹಳೆಯ ಮುದ್ರಿಕೆಯಲ್ಲಿ ಗೊರಗೊರ ಸದ್ದಿದ್ದರೆ ಇರಲಿ. ಪ್ರಾಚೀನ ಓಲೆಯ ತೂತುಗಳನ್ನು ತನ್ನ ಪದ್ಯಗಳಿಂದ ತುಂಬುವ ಸಂಪಾದಕನನ್ನು ನಾವು ಮೆಚ್ಚುವುದಿಲ್ಲವಷ್ಟೆ. ಲಕ್ಷಗಟ್ಟಲೆ ಬೆಲೆಯ ಪೆಟ್ಟಿಗೆಯಾಗಲಿ, ನಮ್ಮ ತರುಣ ಕೈಯಾರೆ ಮಾಡಿದ ಪೆಟ್ಟಿಗೆಯಾಗಲಿ, ಅದನ್ನು ತೂಗಬೇಕಾದ ತಕ್ಕಡಿ ಇದೊಂದೇ: ಅದು ತನ್ನದನ್ನು ಎಷ್ಟು ಕಡಮೆ ನುಡಿಯುತ್ತದೆ, ಇನ್ನೊಬ್ಬರದನ್ನು ಎಷ್ಟು ಪೂರ್ಣವಾಗಿ ನುಡಿಯಗೊಡುತ್ತದೆ.